ಕಿತ್ತಳೆ ಹಡಗಿನಲ್ಲಿ ಹುಟ್ಟಿದ ಪ್ರಾರ್ಥನೆ

ಶಾಲೆಯ ಅಂಗಳದಲ್ಲಿ ಸಾಲಾಗಿ ನಿಂತು ‘ಕರುಣಾಳು ಬಾ ಬೆಳಕೆ’ ಹಾಡಿದವರು ರಾಜಾಜಿನಗರ, ವಿಜಯನಗರಗಳ ಬೀದಿಬೀದಿಯಲ್ಲೂ ಸಿಕ್ಕಾರು. ಎಷ್ಟೋ ತಾಯಿತಂದೆಯರಿಗೆ ಅದು ಇಂದಿಗೂ ಬಾಯಿಪಾಠ. ಆದರೆ ಅದರ ಮೂಲ ಪದ್ಯ ಹಾಡುವುದಕ್ಕೆಂದು ಬರೆದದ್ದೇ ಅಲ್ಲ. ಅದು ಹುಟ್ಟಿದ್ದು ಕಿತ್ತಳೆ ಹಣ್ಣು ಸಾಗಿಸುತ್ತಿದ್ದ ಹಡಗೊಂದರಲ್ಲಿ!

1833ರ ಜೂನ್. ಇಂಗ್ಲೆಂಡಿನ ಪಾದ್ರಿ ಜಾನ್ ಹೆನ್ರಿ ನ್ಯೂಮನ್‌ಗೆ ಆಗ 32 ವರ್ಷ. ಸಿಸಿಲಿ ದ್ವೀಪದಲ್ಲಿ ಜ್ವರ ಹಿಡಿದು ಸಾವಿನ ಬಾಗಿಲು ತಟ್ಟಿ ಬಂದಿದ್ದರು. ಊರು ಸೇರುವ ತವಕ. ಪಾಲೆರ್ಮೊ ಬಂದರಿನಲ್ಲಿ ಸುಮಾರು ಮೂರು ವಾರ ಕಾದ ಮೇಲೆ ಫ್ರಾನ್ಸಿನ ಮಾರ್ಸೇಲ್ಸ್‌ಗೆ ಹೊರಟ ಹಡಗು ಸಿಕ್ಕಿತು. ಹಾಯಿ ಹಡಗಿಗೆ ಗಾಳಿಯೇ ಎಂಜಿನ್ ತಾನೆ? ಕಾರ್ಸಿಕಾ ಮತ್ತು ಸಾರ್ಡಿನಿಯಾ ನಡುವಣ ಜಲಸಂಧಿಯಲ್ಲಿ ಗಾಳಿ ನಿಂತಿತು. ಒಂದು ವಾರ ಹಡಗು ಮುಂದೆ ಸಾಗಲಿಲ್ಲ. ಪದ್ಯ ಮೂಡಿದ್ದು ಆಗ. ಇಡೀ ದಾರಿ ಕಾಣಬೇಕಿಲ್ಲ, ಮುಂದಿನ ಹೆಜ್ಜೆಗಷ್ಟು ಬೆಳಕು ಸಾಕೆಂಬ ಮೊರೆ ಅದು.

1865ರಲ್ಲಿ ಜೆ.ಬಿ. ಡೈಕ್ಸ್ ರಾಗ ಹಾಕಿದ ಮೇಲೆ ಚರ್ಚುಗಳಲ್ಲೆಲ್ಲ ಅದು ಮೊಳಗಿತು. ಜನ ಮೆಚ್ಚಿದ್ದು ರಾಗವನ್ನು, ತಮ್ಮ ಪದ್ಯವನ್ನಲ್ಲ ಎನ್ನುತ್ತಿದ್ದರಂತೆ ನ್ಯೂಮನ್. 1845ರಲ್ಲೇ ಅವರು ಕ್ಯಾಥೊಲಿಕರಾಗಿದ್ದರು. ಅವರು ಬಿಟ್ಟುಬಂದ ಚರ್ಚಿನವರು ಹಾಡನ್ನು ಮಾತ್ರ ಬಿಡಲಿಲ್ಲ. ಗಾಂಧೀಜಿಗೂ ಅದು ಅಚ್ಚುಮೆಚ್ಚು.

ಕನ್ನಡಕ್ಕೆ ತಂದವರು ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಇಂಗ್ಲಿಷ್ ಪ್ರಾಧ್ಯಾಪಕರಾಗಿದ್ದ ಬಿ.ಎಂ.ಶ್ರೀ. ಅವರ ‘ಇಂಗ್ಲಿಷ್ ಗೀತಗಳು’ 1926ರಲ್ಲಿ ಬಂತು. ಮೂಲದಲ್ಲಿ ಯಾವ ದೇವರ ಹೆಸರೂ ಇಲ್ಲ; ಕವಿ ಕರೆಯುವುದು ಬೆಳಕನ್ನು. ಶ್ರೀಯವರೂ ಬೆಳಕನ್ನೇ ಕರೆದರು. ಎಲ್ಲ ಮತದ ಮಕ್ಕಳೂ ಒಟ್ಟಿಗೆ ನಿಂತು ಹಾಡಲು ಅಡ್ಡಿಯಾಗಲಿಲ್ಲ. ಡೈಕ್ಸರ ರಾಗವೇನೋ ಅಲ್ಲೇ ಉಳಿಯಿತು, ನಮ್ಮವರು ಹಾಡುವುದು ನಮ್ಮದೇ ಧಾಟಿಯಲ್ಲಿ. ಇಲ್ಲಿ ಗೆದ್ದದ್ದು ಪದ್ಯವೇ.