ಗಾಳಿಯ ಎಳೆತವನ್ನು ಅಳೆದ ಎಂಜಿನಿಯರ್

ಬೆಂಗಳೂರಿನ ಮುರುಗೇಶಪಾಳ್ಯದ ಕಡೆ ಹೋಗುವ ಆಟೊದವರಿಗೆ ‘ವಿಂಡ್ ಟನಲ್ ರೋಡ್’ ಅಂದರೆ ಸಾಕು. ಆ ರಸ್ತೆಗೆ ಹೆಸರು ಕೊಟ್ಟ ಗಾಳಿಸುರಂಗ ಇರುವುದು ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯದ ಆವರಣದಲ್ಲಿ. 1967ರಿಂದ ಅಲ್ಲಿ ಪರೀಕ್ಷೆ ನಡೆಯುತ್ತಿದೆ. ತೇಜಸ್ ಯುದ್ಧವಿಮಾನವಿರಲಿ, ಎಸ್‌ಎಲ್‌ವಿ, ಪಿಎಸ್‌ಎಲ್‌ವಿ ರಾಕೆಟ್‌ಗಳಿರಲಿ, ಆಕಾಶಕ್ಕೇರುವ ಮುಂಚೆ ಪುಟ್ಟ ಮಾದರಿಗಳಾಗಿ ಇಲ್ಲಿಯ ಗಾಳಿಗೆ ಮೈಯೊಡ್ಡಿವೆ. ಈ ಸುರಂಗ ರೂಪುಗೊಳ್ಳುವುದರಲ್ಲಿ ಪ್ರೊ. ಸತೀಶ್ ಧವನ್ ಅವರ ಪಾತ್ರ ದೊಡ್ಡದು.

ಧವನ್ ಅಂದರೆ ಹೆಚ್ಚಿನವರಿಗೆ ನೆನಪಾಗುವುದು ಇಸ್ರೊ ಅಧ್ಯಕ್ಷರಾಗಿ. 1979ರಲ್ಲಿ ಎಸ್‌ಎಲ್‌ವಿ-3 ಸೋತಾಗ ಪತ್ರಕರ್ತರೆದುರು ತಾವೇ ಕೂತು, ಮರುವರ್ಷ ಗೆದ್ದಾಗ ಯೋಜನೆಯ ಮುಖ್ಯಸ್ಥ ಅಬ್ದುಲ್ ಕಲಾಂ ಅವರನ್ನು ಮುಂದೆ ಬಿಟ್ಟ ಪ್ರಸಂಗವನ್ನು ಶಾಲಾ ಮಕ್ಕಳೂ ಹೇಳುತ್ತಾರೆ. ಹೇಳಲೇಬೇಕಾದ ಕಥೆ ಅದು. ಆದರೆ ಅಷ್ಟಕ್ಕೇ ನಿಂತರೆ ಉಪಕರಣ ಕಟ್ಟುವ ಧವನ್ ಕಾಣುವುದೇ ಇಲ್ಲ.

1920ರಲ್ಲಿ ಶ್ರೀನಗರದಲ್ಲಿ ಹುಟ್ಟಿದ ಅವರು ಲಾಹೋರಿನಲ್ಲಿ ಗಣಿತ, ಭೌತವಿಜ್ಞಾನ ಓದಿ, ಇಂಗ್ಲಿಷ್ ಸಾಹಿತ್ಯದಲ್ಲಿ ಎಂ.ಎ. ಮಾಡಿ, ಅದರ ಮೇಲೆ ಮೆಕ್ಯಾನಿಕಲ್ ಎಂಜಿನಿಯರಿಂಗ್ ಮುಗಿಸಿದರು. ಅಮೆರಿಕದ ಕ್ಯಾಲ್‌ಟೆಕ್‌ನಲ್ಲಿ ಹಾನ್ಸ್ ಲೀಪ್‌ಮನ್ ಅವರ ಕೈಕೆಳಗೆ ಪಿಎಚ್‌.ಡಿ.ಗೆ ಎತ್ತಿಕೊಂಡದ್ದು ಕೇಳಲು ಸರಳವಾದ ಪ್ರಶ್ನೆ: ವಿಮಾನದ ಮೈಯನ್ನು ಗಾಳಿ ಸವರಿಕೊಂಡು ಹೋಗುವಾಗ ಎಷ್ಟು ಎಳೆಯುತ್ತದೆ? ಮೈಯ ಹತ್ತಿರದ ಗಾಳಿಯ ವೇಗ ಅಳೆದು, ಅದರಿಂದ ಎಳೆತವನ್ನು ಲೆಕ್ಕ ಹಾಕುವುದು ರೂಢಿಯಲ್ಲಿದ್ದ ದಾರಿ. ಧವನ್ ನೇರವಾಗಿ ಎಳೆತವನ್ನೇ ಅಳೆಯಲು ಹೊರಟರು.

ಲೋಹದ ತಟ್ಟೆಯಲ್ಲಿ ಒಂದು ಸಣ್ಣ ತುಂಡನ್ನು ಬಿಡಿಸಿ, ಸುತ್ತಲೂ ಕೂದಲೆಳೆಯಷ್ಟು ಸಂದು ಬಿಟ್ಟು, ಬಾಗಬಲ್ಲ ತೆಳುಪಟ್ಟಿಗಳ ಆಧಾರದ ಮೇಲೆ ಅದನ್ನು ನಿಲ್ಲಿಸಿದರು. ಗಾಳಿ ಎಳೆದರೆ ತುಂಡು ಕಣ್ಣಿಗೆ ಕಾಣದಷ್ಟು ಸರಿಯುತ್ತದೆ. ಕೆಳಗಿನ ಟ್ರಾನ್ಸ್‌ಫಾರ್ಮರ್ ಸುರುಳಿಗಳು ಆ ಸರಿದಾಟವನ್ನು ವಿದ್ಯುತ್ ಸಂಕೇತವಾಗಿಸುತ್ತವೆ. ಕಷ್ಟ ಇರುವುದು ತಯಾರಿಕೆಯಲ್ಲಿ. ತುಂಡು ಸುತ್ತಲಿನ ಮೈಗಿಂತ ಒಂದಿಷ್ಟು ಮೇಲೆದ್ದರೂ, ಸಂದು ತುಸು ಅಗಲವಾದರೂ ಗಾಳಿಯ ಹರಿವೇ ಕೆಡುತ್ತದೆ, ಅಳತೆ ಸುಳ್ಳಾಗುತ್ತದೆ. ತುಮಕೂರಿನ ಸತ್ಯಮಂಗಲದಂಥ ಕೈಗಾರಿಕಾ ಪ್ರದೇಶದಲ್ಲಿ ಮೈಕ್ರೋಮೀಟರ್ ಹಿಡಿದು ದುಡಿದವರಿಗೆ ಆ ಸಂದಿನ ಬೆಲೆ ಗೊತ್ತು. ಶಬ್ದವೇಗಕ್ಕಿಂತ ಕಡಿಮೆ ವೇಗದಲ್ಲೂ ಹೆಚ್ಚಿನ ವೇಗದಲ್ಲೂ ಈ ಸಾಧನ ಫಲ ಕೊಟ್ಟಿತು. ಈ ವಿಷಯದ ಬರಹಗಳಲ್ಲಿ ಅವರ ಹೆಸರು ಇಂದಿಗೂ ಬರುತ್ತದೆ.

1951ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದರು. ಅಂಗುಲಗಳ ಲೆಕ್ಕದ ಪುಟ್ಟ ಸೂಪರ್‌ಸಾನಿಕ್ ಸುರಂಗ ಕಟ್ಟಿ, ಅದರಲ್ಲೇ ಹುಡುಗರ ಕೈ ಪಳಗಿಸಿದರು. ಶಿಷ್ಯ ರೊದ್ದಂ ನರಸಿಂಹ ಅವರೊಂದಿಗೆ 1958ರಲ್ಲಿ ಪ್ರಕಟಿಸಿದ ಪ್ರಬಂಧ ಗಾಳಿಯ ಹರಿವಿನ ಅಧ್ಯಯನದ ಮುಖ್ಯ ಬರಹಗಳಲ್ಲೊಂದು.

ಮುರುಗೇಶಪಾಳ್ಯದ ಸುರಂಗದ್ದು ಬೇರೆಯೇ ಗಾತ್ರ. ಮಾದರಿ ಇಡುವ ಜಾಗ 1.2 ಮೀಟರ್ ಚೌಕ; ಗಾಳಿಯ ವೇಗ ಶಬ್ದವೇಗದ ಐದನೇ ಒಂದು ಪಾಲಿನಿಂದ ನಾಲ್ಕು ಪಟ್ಟಿನವರೆಗೆ. ಇಷ್ಟು ಗಾಳಿಯನ್ನು ಎಡೆಬಿಡದೆ ಓಡಿಸಲು ವಿಪರೀತ ವಿದ್ಯುತ್ ಬೇಕು. ಅದಕ್ಕೇ ಗಾಳಿಯನ್ನು ದೊಡ್ಡ ಟ್ಯಾಂಕುಗಳಲ್ಲಿ ಒತ್ತಿ ತುಂಬಿಟ್ಟು, ಕವಾಟ ತೆರೆದು ಒಮ್ಮೆಗೇ ಬಿಡುತ್ತಾರೆ. ಸೆಕೆಂಡುಗಳ ಲೆಕ್ಕದಲ್ಲಿ ಎಲ್ಲ ಅಳತೆ ಮುಗಿಯಬೇಕು. ಮಾದರಿಯ ಒಳಗೆ ಅಡಗಿರುವ, ಬಲ ಅಳೆಯುವ ‘ಬ್ಯಾಲೆನ್ಸ್’ ಎಷ್ಟು ಬಾಗಿತು ಎಂಬುದರಿಂದ ಬಲದ ಲೆಕ್ಕ ಸಿಗುತ್ತದೆ. ಕ್ಯಾಲ್‌ಟೆಕ್‌ನ ಆ ಚಿಕ್ಕ ತುಂಡು ಸರಿದದ್ದರ ಹಿಂದಿನ ತತ್ವವೂ ಇದೇ.

1972ರಲ್ಲಿ ಇಸ್ರೊ ಹೊಣೆ ಬಂದಾಗ, ವಿಜ್ಞಾನ ಸಂಸ್ಥೆಯ ನಿರ್ದೇಶಕ ಹುದ್ದೆ ಬಿಡುವುದಿಲ್ಲ, ಇಸ್ರೊ ಕೇಂದ್ರ ಕಚೇರಿ ಬೆಂಗಳೂರಿನಲ್ಲಿರಬೇಕು ಎಂದರು. ಹಾಗೆಯೇ ಆಯಿತು. ಎಷ್ಟೋ ವರ್ಷಗಳ ಮೇಲೆ, ತುಮಕೂರಿನ ಎಚ್‌ಎಂಟಿ ಕೈಗಡಿಯಾರ ಕಾರ್ಖಾನೆ ಮುಚ್ಚಿದ ಬಳಿಕ, ಅದರ ಜಾಗವೂ ಇಸ್ರೊಗೆ ಸೇರಿತು. ಅದೇ ತುಮಕೂರಿನ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ವಿದ್ಯಾರ್ಥಿಗಳು ಎಳೆತ ಅಳೆಯುವ ಧವನ್ ಅವರ ಸಾಧನವನ್ನು ಒಮ್ಮೆ ತಮ್ಮ ಕೈಯಾರೆ ಕಟ್ಟಿ ನೋಡಲಿ ಎಂಬುದು ನನ್ನ ಆಸೆ. ಕಡಿಮೆ ವೇಗದ ಒಂದು ಸಣ್ಣ ಗಾಳಿಸುರಂಗ, ಒಳ್ಳೆಯ ಫಿಟ್ಟರ್ ಒಬ್ಬರು ಇದ್ದರೆ ಸಾಕು.