ತೃಪ್ತಿಗೆ ಎರಡು ಖಾತೆ

ವ್ಯವಹಾರ ಅಧ್ಯಯನದಲ್ಲಿ ಅಭಿಪ್ರೇರಣೆಯ ಪಾಠ ಓದುವಾಗ ನನಗೆ ಕಾರ್ಖಾನೆ, ಬ್ಯಾಂಕುಗಳಷ್ಟೇ ನೆನಪಾಗುತ್ತಿದ್ದವು. ಆಪಾ ಬಾಣಂತನಕ್ಕೆ ನಮ್ಮ ಮನೆಗೆ ಬಂದ ಮೇಲೆ ಆ ಪಾಠ ನಿಜವಾಗಿ ಅರ್ಥವಾಯಿತು. ಅದಕ್ಕೆ ಕಾರಣ ನಮ್ಮ ಊರಿನ ಆಶಾ ಕಾರ್ಯಕರ್ತೆ.

ಆಶಾ ಯೋಜನೆ ಶುರುವಾದದ್ದು 2005ರಲ್ಲಿ, ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನದ ಅಡಿಯಲ್ಲಿ. ಹಳ್ಳಿಗಳಲ್ಲಿ ಸುಮಾರು 1,000 ಜನರಿಗೆ ಒಬ್ಬರು. ಮನೆಗೂ ಸರ್ಕಾರಿ ಆಸ್ಪತ್ರೆಗೂ ನಡುವಿನ ಕೊಂಡಿ ಇವರೇ. ಆದರೆ ಇವರು ಸರ್ಕಾರಿ ನೌಕರರಲ್ಲ. ಗೌರವಧನದ ಜೊತೆಗೆ ಮಾಡಿದ ಕೆಲಸಕ್ಕೆ ತಕ್ಕಂತೆ ಪ್ರೋತ್ಸಾಹಧನ ಸಿಗುತ್ತದೆ.

ಒಂದು ಲೆಕ್ಕ ನೋಡಿ. ಆಸ್ಪತ್ರೆಯಲ್ಲಿ ಹುಟ್ಟಿದ ಮಗುವನ್ನು ಆಶಾ 3, 7, 14, 21, 28 ಮತ್ತು 42ನೇ ದಿನ ಮನೆಗೆ ಬಂದು ನೋಡಬೇಕು. 2011ರಲ್ಲಿ ಈ ಕಾರ್ಯಕ್ರಮ ಬಂದಾಗ ಆರು ಭೇಟಿಗೆ ನಿಗದಿಯಾದದ್ದು ಒಟ್ಟು 250 ರೂಪಾಯಿ. ಅಂದರೆ ಒಂದು ಭೇಟಿಗೆ ಸುಮಾರು 42 ರೂಪಾಯಿ.

ಏಳನೇ ದಿನ ಜೋರು ಮಳೆ. ಆದರೂ ಅವರು ಬಂದರು. ಅಮ್ಮಿಗೆ ಕನ್ನಡ ಅಷ್ಟಾಗಿ ಬರುವುದಿಲ್ಲ ಎಂದು "ಬುಖಾರ್ ಹೈ ಕ್ಯಾ?" ಎಂದು ಉರ್ದುವಿನಲ್ಲೇ ಕೇಳಿ, ಮಗುವನ್ನು ತೂಗಿದರು. "ಈ ಕೆಲಸ ಇಷ್ಟಾನಾ ಅಕ್ಕಾ?" ಎಂದೆ. "ಮಗು ತೂಕ ಏರಿದ್ರೆ ಹೊಟ್ಟೆ ತುಂಬಿದಂಗಾಗುತ್ತೆ. ಆದ್ರೆ ದುಡ್ಡು ಯಾವಾಗ ಬರುತ್ತೋ ಗೊತ್ತಿರಲ್ಲ" ಎಂದರು.

ಅಮೆರಿಕದ ಮನಃಶಾಸ್ತ್ರಜ್ಞ ಫ್ರೆಡರಿಕ್ ಹರ್ಜ್‌ಬರ್ಗ್ 1959ರಲ್ಲಿ ಹೇಳಿದ್ದೂ ಇದನ್ನೇ. ಸಂಬಳ, ಭದ್ರತೆ, ಕೆಲಸದ ಪರಿಸ್ಥಿತಿ ಸರಿಯಿಲ್ಲದಿದ್ದರೆ ಅತೃಪ್ತಿ ಹುಟ್ಟುತ್ತದೆ. ಸರಿಯಿದ್ದ ಮಾತ್ರಕ್ಕೆ ತೃಪ್ತಿ ಬಂದುಬಿಡುವುದಿಲ್ಲ. ತೃಪ್ತಿ ಬರುವುದು ಸಾಧನೆ, ಮನ್ನಣೆ, ಬೆಳವಣಿಗೆ ಮತ್ತು ಕೆಲಸದ ಅರ್ಥದಿಂದ. ಆದ್ದರಿಂದ ಒಬ್ಬರೇ ಮನುಷ್ಯರು ಒಂದೇ ದಿನ ತೃಪ್ತರೂ ಅತೃಪ್ತರೂ ಆಗಿರಬಹುದು.

2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತದ ಆಶಾಗಳಿಗೆ ಜಾಗತಿಕ ಪ್ರಶಸ್ತಿ ನೀಡಿತು. ಅದು ಮನ್ನಣೆ. 2025ರ ಜನವರಿಯಲ್ಲಿ ನಮ್ಮ ರಾಜ್ಯದ ಆಶಾಗಳು ಬೆಂಗಳೂರಿನ ಫ್ರೀಡಂ ಪಾರ್ಕ್‌ನಲ್ಲಿ ಧರಣಿ ಕೂತರು. ತಿಂಗಳಿಗೆ ಕನಿಷ್ಠ 10,000 ರೂಪಾಯಿಯ ಭರವಸೆ ಸಿಕ್ಕಿತು. ಅದು ಆದಾಯದ ಪ್ರಶ್ನೆ. ಇವು ಎರಡು ಬೇರೆ ಖಾತೆಗಳು. ಒಂದರ ಜಮೆಯಿಂದ ಇನ್ನೊಂದರ ಬಾಕಿ ತೀರುವುದಿಲ್ಲ. "ಸೇವೆ ಅಲ್ವಾ, ಪುಣ್ಯ ಬರುತ್ತೆ" ಎನ್ನುವವರು ಈ ಲೆಕ್ಕವನ್ನೇ ತಪ್ಪುತ್ತಾರೆ.

42ನೇ ದಿನ ಅಮ್ಮಿ ಕುರ್ಚಿ ಹಾಕಿ, ಚಹಾ ಕೊಟ್ಟು, ದುಆ ಮಾಡಿದರು. ಮನ್ನಣೆಯ ಖಾತೆಗೆ ನಾವು ಅಷ್ಟು ಹಾಕಬಹುದು. ಇನ್ನೊಂದು ಖಾತೆ ಸರ್ಕಾರದ್ದು. ಅದನ್ನು ಕೇಳುವುದೂ ನಮ್ಮ ಕೆಲಸವೇ.