ವಾಹನದೊಳಗೆ ಮೂಷಿಕ

ವಿಘ್ನೇಶ್ವರನಿಗೆ ಮೂಷಿಕವು ವಾಹನವಾದುದು ಪುರಾಣದ ಮಾತು. ಮೂಷಿಕಕ್ಕೆ ನಮ್ಮ ವಾಹನವೇ ಮನೆಯಾದುದು ಈ ಕಾಲದ ಮಾತು. ಹೊಸ ಕಾರನ್ನು ಶರವು ಮಹಾಗಣಪತಿಯ ಸನ್ನಿಧಿಗೆ ಒಯ್ದು ಪೂಜೆ ಮಾಡಿಸಿ, ಚಕ್ರದಡಿಗೆ ನಿಂಬೆಹಣ್ಣಿಟ್ಟು, ನಿರ್ವಿಘ್ನವಾಗಿ ಮನೆಗೆ ತಂದ ಮಂಗಳೂರಿಗರಲ್ಲಿ ಅನೇಕರು ಮುಂದಿನ ಮಳೆಗಾಲದಲ್ಲಿ ಅದೇ ದೇವರ ವಾಹನದಿಂದ ವಿಘ್ನವನ್ನು ಅನುಭವಿಸಿದ್ದಾರೆ. ಅವರಲ್ಲಿ ನಾನೂ ಒಬ್ಬ.

ಅದು ಆಟಿ ತಿಂಗಳ ಒಂದು ರಾತ್ರಿ. ಹೊರಗೆ ಜಡಿಮಳೆ. ಎರಡು ಗಂಟೆಯ ಹೊತ್ತಿಗೆ ನನ್ನ ತಾಯಿಗೆ ಉಸಿರಾಟ ಕಷ್ಟವಾಯಿತು. ಅವರನ್ನು ಮೆಲ್ಲನೆ ಎತ್ತಿ ಕಾರಿನಲ್ಲಿ ಕೂರಿಸಿ ಕೀಲಿ ತಿರುಗಿಸಿದೆ. ಸ್ಟಾರ್ಟರ್ ತಿರುಗಿತು, ಇಂಜಿನು ಮಾತ್ರ ಹತ್ತಲಿಲ್ಲ. ಮತ್ತೆ ಮತ್ತೆ ಪ್ರಯತ್ನಿಸಿದರೂ ಅದೇ ಫಲ. ಕೊನೆಗೆ ಓಣಿಯ ತುದಿಯಲ್ಲಿದ್ದ ರಿಕ್ಷಾದವರನ್ನು ಎಬ್ಬಿಸಿದೆ. ಆ ಪುಣ್ಯಾತ್ಮ ಅಂಗಿಯ ಗುಂಡಿಯನ್ನೂ ಹಾಕಿಕೊಳ್ಳದೆ ಓಡಿಬಂದು ನಮ್ಮನ್ನು ಆಸ್ಪತ್ರೆಗೆ ತಲುಪಿಸಿದರು. ತಾಯಿ ಉಳಿದರು. ಆದರೆ ಇನ್ನೊಂದು ಅರ್ಧ ಗಂಟೆ ತಡವಾಗಿದ್ದರೆ ಏನಾಗುತ್ತಿತ್ತೆಂಬ ಯೋಚನೆ ಇಂದಿಗೂ ನನ್ನನ್ನು ಬಿಟ್ಟಿಲ್ಲ.

ಮರುದಿನ ಗ್ಯಾರೇಜಿನ ಹುಡುಗ ಬಂದು ಬೋನೆಟ್ ಎತ್ತಿದ. "ಎಂಥ ಸಾರ್ ಇದು, ಇಂಜಿನೋ ಬಾಣಂತಿಕೋಣೆಯೋ?" ಎಂದು ನಕ್ಕ. ಬ್ಯಾಟರಿಯ ಪಕ್ಕದಲ್ಲಿ ತೆಂಗಿನ ನಾರು, ಚಿಂದಿ ಬಟ್ಟೆ, ಹಲಸಿನ ಬೀಜದ ಸಿಪ್ಪೆಗಳಿಂದ ಮಾಡಿದ ಗೂಡು. ಅದರಲ್ಲಿ ಕಣ್ಣು ತೆರೆಯದ ನಾಲ್ಕು ಮರಿಗಳು. ಇಂಜಿನಿಗೆ ಪೆಟ್ರೋಲ್ ಬಿಡುವ ಇಂಜೆಕ್ಟರಿನ ವಯರುಗಳು ಕತ್ತರಿಯಿಂದ ಕತ್ತರಿಸಿದಂತೆ ತುಂಡಾಗಿದ್ದವು.

ಕಡಿಯುವುದೇಕೆ?

ಇಲಿ ವಯರನ್ನು ಹಸಿವಿನಿಂದ ಕಡಿಯುತ್ತದೆಂಬುದು ತಪ್ಪು ತಿಳಿವಳಿಕೆ. ಅದರ ಬಾಚಿಹಲ್ಲುಗಳು ಜೀವಮಾನವಿಡೀ ಬೆಳೆಯುತ್ತಲೇ ಇರುತ್ತವೆ. ವರ್ಷಕ್ಕೆ 10 ಸೆಂಟಿಮೀಟರಿಗೂ ಹೆಚ್ಚು. ಕಡಿದು ಸವೆಸದಿದ್ದರೆ ಆ ಹಲ್ಲು ಅದಕ್ಕೇ ಮೃತ್ಯುವಾಗುತ್ತದೆ. ಕಡಿಯುವುದಕ್ಕೆ ಮೆತ್ತಗೂ ಅಲ್ಲದ, ತೀರ ಗಟ್ಟಿಯೂ ಅಲ್ಲದ ವಯರಿನ ಹೊದಿಕೆ ಬಲು ಅನುಕೂಲ. ಈಚಿನ ಕಾರುಗಳಲ್ಲಿ ಈ ಹೊದಿಕೆಯನ್ನು ಸೋಯಾ ಅವರೆಯ ಅಂಶದಿಂದ ಮಾಡುತ್ತಿರುವುದೇ ಇಲಿಗಳಿಗೆ ರುಚಿಯಾಗಿದೆ ಎಂದು ವಾದಿಸಿ ಅಮೆರಿಕೆಯಲ್ಲಿ ಕಾರು ತಯಾರಕರ ಮೇಲೆ ದಾವೆ ಹೂಡಿದವರುಂಟು. ಆದರೆ ಸೋಯಾದ ಹೆಸರು ಕೇಳದ ಕಾಲದ ಕಾರುಗಳನ್ನೂ ಇಲಿಗಳು ಬಿಟ್ಟಿರಲಿಲ್ಲ.

ಇನ್ನು ನಮ್ಮ ಊರಿನ ವಿಶೇಷವನ್ನು ನೋಡಿ. ಮಂಗಳೂರಿನಲ್ಲಿ ವರ್ಷಕ್ಕೆ 3,500 ಮಿಲಿಮೀಟರಿನ ಆಸುಪಾಸಿನಲ್ಲಿ ಮಳೆ ಸುರಿಯುತ್ತದೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನೊಳಗೆ. ಬಿಲಗಳಲ್ಲಿ ನೀರು ತುಂಬಿದಾಗ ಅಲ್ಲಿಯ ನಿವಾಸಿಗಳು ಎಲ್ಲಿಗೆ ಹೋಗಬೇಕು? ಹಿಂದೆ ಹೆಂಚಿನ ಮನೆಗಳಿಗೆ ಅಟ್ಟವಿತ್ತು. ಅಲ್ಲಿ ತೆಂಗಿನಕಾಯಿ, ಅಡಕೆಗಳ ರಾಶಿ ಇತ್ತು. ಈಗ ಹೆಂಚು ಹೋಗಿ ಕಾಂಕ್ರೀಟು ಬಂದಿದೆ, ಅಟ್ಟ ಮಾಯವಾಗಿದೆ. ಮುರಕಲ್ಲಿನ ಆವರಣಗೋಡೆಯ ಪಕ್ಕದಲ್ಲಿ ಬೆಚ್ಚಗೆ, ಕತ್ತಲೆಯಾಗಿ, ಮಳೆ ತಾಗದೆ ನಿಂತಿರುವುದು ನಮ್ಮ ಕಾರು ಒಂದೇ. ಹತ್ತಿರದಲ್ಲೇ ಹಸಿ ಕಸದ ಬಕೆಟ್ಟು, ನಾಯಿ ತಿಂದುಳಿದ ಅನ್ನ, ಉದುರಿದ ಹಲಸಿನ ಹಣ್ಣು. ಇಷ್ಟೆಲ್ಲ ಸಿದ್ಧಮಾಡಿಟ್ಟ ಮೇಲೆ ಅತಿಥಿ ಬಂದನೆಂದು ದೂರಿದರೆ ನ್ಯಾಯವೇ?

ವಿಷದ ದಾರಿ

ನನಗೆ ಮೊದಲು ಬಂದ ಯೋಚನೆ ಎಲ್ಲರಿಗೂ ಬರುವಂಥದೇ: ಪಾಷಾಣ. ಅಂಗಡಿಯವರೆಗೆ ಹೋಗಿಯೂ ಇದ್ದೆ. ಆದರೆ ವಿಷ ತಿಂದ ಇಲಿ ನಾವು ಹೇಳಿದಲ್ಲಿ ಸಾಯುವುದಿಲ್ಲ. ಕಾರಿನ ಗಾಳಿಯ ಕೊಳವೆಯೊಳಗೆ ಸತ್ತು ವಾರಗಟ್ಟಲೆ ನಾರುತ್ತದೆ. ಅದನ್ನು ತಿಂದ ಬೆಕ್ಕೂ ಗೂಬೆಯೂ, ಅಂದರೆ ನಿಜವಾಗಿ ನಮ್ಮ ಪಕ್ಷದವರು, ಸಾಯುವುದುಂಟು. ಎಲ್ಲಕ್ಕಿಂತ ಭಯಂಕರವಾದುದು ಹಳದಿ ರಂಜಕ ಬೆರೆಸಿದ ಇಲಿಪಾಷಾಣ. ಅದು ಹೊಟ್ಟೆಗೆ ಹೋದರೆ ಯಕೃತ್ತನ್ನು ಕೆಡಿಸುತ್ತದೆ. ಅದಕ್ಕೆ ನಿರ್ದಿಷ್ಟವಾದ ಪ್ರತಿವಿಷವೇ ಇಲ್ಲ. ಮಕ್ಕಳಿರುವ ಮನೆಯಲ್ಲಿ ಒಂದು ವಯರನ್ನು ಉಳಿಸುವ ಸಲುವಾಗಿ ಅಂಥ ವಸ್ತುವನ್ನು ತಂದಿಡುವುದು ವಿವೇಕವಲ್ಲ.

ಆಸ್ಪತ್ರೆಯಿಂದ ಮರಳಿದ ತಾಯಿ ನನ್ನ ಈ ಚಿಂತೆಯನ್ನೆಲ್ಲ ಕೇಳಿಸಿಕೊಂಡರು. "ನಿನ್ನ ಅಪ್ಪ ತೆಂಗಿನ ಮರಕ್ಕೆ ತಗಡು ಕಟ್ಟುತ್ತಿದ್ದರಲ್ಲ ಮಗಾ, ನೀನು ಕಾರಿಗೆ ಏನು ಕಟ್ಟಿದ್ದಿ?" ಎಂದು ಕೇಳಿದರು.

ಆ ಒಂದು ಪ್ರಶ್ನೆ ನನ್ನ ಕಣ್ಣು ತೆರೆಯಿಸಿತು. ಕರಾವಳಿಯ ತೆಂಗು ಬೆಳೆಗಾರರು ಮರದ ಬುಡದಿಂದ ಆಳೆತ್ತರದಲ್ಲಿ ಕಾಂಡದ ಸುತ್ತ ಅಗಲವಾದ ತಗಡಿನ ಪಟ್ಟಿ ಸುತ್ತುತ್ತಾರೆ. ನುಣುಪಾದ ತಗಡಿನ ಮೇಲೆ ಇಲಿಯ ಉಗುರು ನಿಲ್ಲುವುದಿಲ್ಲ. ಅದು ಜಾರಿ ಬೀಳುತ್ತದೆ. ಪಕ್ಕದ ಮರದ ಗರಿ ತಾಗದಿದ್ದರೆ ಎಳನೀರು ಉಳಿಯಿತು. ಹಡಗಿನವರ ರೂಢಿಯೂ ಇದೇ. ಹಡಗನ್ನು ದಕ್ಕೆಗೆ ಕಟ್ಟಿದ ಹಗ್ಗಗಳಿಗೆ ದುಂಡಗಿನ ದೊಡ್ಡ ಬಿಲ್ಲೆಗಳನ್ನು ತೊಡಿಸುತ್ತಾರೆ. 1894ರಲ್ಲಿ ಹಾಂಗ್‌ಕಾಂಗಿನಲ್ಲಿ ಹಬ್ಬಿದ ಪ್ಲೇಗು 1896ರಲ್ಲಿ ಮುಂಬಯಿಗೆ ಕಾಲಿಟ್ಟುದು ಹಡಗಿನ ಮಾರ್ಗವಾಗಿಯೇ ಎಂಬುದನ್ನು ನೆನೆದರೆ ಆ ಬಿಲ್ಲೆಯ ಬೆಲೆ ತಿಳಿಯುತ್ತದೆ. ಇಬ್ಬರೂ ಇಲಿಯೊಡನೆ ಯುದ್ಧಕ್ಕೆ ಹೋಗಲಿಲ್ಲ, ದಾರಿಯನ್ನು ಮುಚ್ಚಿದರು. ಕಾರಿಗೂ ಅದೇ ಮದ್ದು.

ಮಾಡಬೇಕಾದುದು

ಮೊದಲನೆಯದಾಗಿ, ಆಹಾರವನ್ನು ದೂರಮಾಡಬೇಕು. ಕಸದ ಬಕೆಟ್ಟಿಗೆ ಬಿಗಿಯಾದ ಮುಚ್ಚಳ ಬೇಕು. ನಾಯಿಯ ತಟ್ಟೆ ರಾತ್ರಿ ಹೊರಗಿರಬಾರದು. ಕಾರಿನ ಸೀಟಿನಡಿಯ ಬಿಸ್ಕತ್ತಿನ ಚೂರುಗಳನ್ನು ಗುಡಿಸಬೇಕು. ಗೋಡೆಗೆ ತಾಗಿ ಬೆಳೆದ ಪೊದೆಗಳಿಂದಲೂ ಸೌದೆಯ ರಾಶಿಯಿಂದಲೂ ಕಾರನ್ನು ದೂರ ನಿಲ್ಲಿಸಬೇಕು.

ಎರಡನೆಯದಾಗಿ, ದಾರಿ ಮುಚ್ಚಬೇಕು. ಸುಂಡಿಲಿ 6 ಮಿಲಿಮೀಟರಿನ ಕಂಡಿಯಲ್ಲೂ ನುಸುಳಬಲ್ಲುದು. ಆದುದರಿಂದ ಗಾಳಿ ಒಳಹೋಗುವ ಬಾಯಿಗಳಿಗೆ ಅದಕ್ಕಿಂತ ಸಣ್ಣ ಕಣ್ಣಿನ ಉಕ್ಕಿನ ಬಲೆಯನ್ನು ಮೆಕ್ಯಾನಿಕರಿಂದಲೇ ಹಾಕಿಸಬೇಕು. ಪ್ಲಾಸ್ಟಿಕಿನ ಬಲೆ ಇಲಿಗೆ ಉಪಾಹಾರ. ವಯರುಗಳಿಗೆ ಸುತ್ತಲು ಮೆಣಸಿನ ಖಾರದ ಅಂಶವಿರುವ ಪಟ್ಟಿಯೊಂದನ್ನು ಹೋಂಡಾ ಕಂಪನಿ ಹೊರತಂದಿದೆ. ವಿದ್ಯುತ್ ಕಾರುಗಳ ಕಿತ್ತಳೆ ಬಣ್ಣದ ವಯರುಗಳನ್ನು ಮಾತ್ರ ಯಾರೂ ಸ್ವತಃ ಮುಟ್ಟಬಾರದು. ಅವುಗಳಲ್ಲಿ ಹರಿಯುವ ವಿದ್ಯುತ್ತು ಪ್ರಾಣಾಪಾಯಕಾರಿ.

ಮೂರನೆಯದಾಗಿ, ಕತ್ತಲೆಯನ್ನೂ ನೆಮ್ಮದಿಯನ್ನೂ ಕೆಡಿಸಬೇಕು. ದಿನಗಟ್ಟಲೆ ನಿಂತ ಕಾರೇ ಇಲಿಗೆ ಪ್ರಿಯ. ಬೀಗವಿರುವ ಶೆಡ್ಡಿನಲ್ಲಿ ರಾತ್ರಿ ಬೋನೆಟ್ ತೆರೆದಿಟ್ಟು ದೀಪ ಹಾಕುವವರಿದ್ದಾರೆ. ಇದು ಅನೇಕರಿಗೆ ಫಲಿಸಿದೆ.

ಹೊಗೆಸೊಪ್ಪಿನ ಮಾತನ್ನು ಹೇಳದಿದ್ದರೆ ನಮ್ಮ ಊರಿನವರು ಒಪ್ಪಲಾರರು. ಅದರ ಘಾಟಿಗೆ ಇಲಿ ಕೆಲವು ದಿನ ದೂರವಿರುವುದುಂಟು. ಆದರೆ ಸೊಪ್ಪು ಒಣಗಿ ವಾಸನೆ ಇಳಿದ ಮೇಲೆ ಅದರಿಂದಲೇ ಗೂಡು ಕಟ್ಟಿದರೂ ಆಶ್ಚರ್ಯವಿಲ್ಲ. ಇಡುವವರು ಕಾಯುವ ಭಾಗಗಳಿಗೂ ತಿರುಗುವ ಬೆಲ್ಟಿಗೂ ತಾಗದಂತೆ ಇಡಬೇಕು. ನುಸಿಗುಳಿಗೆಯಂತೂ ಬೇಡ, ಅದರ ಆವಿ ಗಾಳಿಯ ಕೊಳವೆಯಿಂದ ಒಳಗೆ ಬಂದು ಮಕ್ಕಳ ಉಸಿರಿಗೆ ಸೇರುತ್ತದೆ. ಬೆಕ್ಕು ಸಾಕುವುದು ಒಳ್ಳೆಯದೇ. ಆದರೆ ಮಳೆಗಾಲದಲ್ಲಿ ಬೆಕ್ಕೂ ಇಂಜಿನಿನ ಬಿಸಿಯನ್ನು ಹುಡುಕಿ ಹೋಗುತ್ತದೆ. ಇಲಿಯ ಜಾಡು ಹಿಡಿದು ಕೇರೆಹಾವೂ ಬರಬಹುದು. ಕೀಲಿ ತಿರುಗಿಸುವ ಮುನ್ನ ಬೋನೆಟ್ಟನ್ನು ಎರಡು ಸಲ ತಟ್ಟುವ ಅಭ್ಯಾಸ ಎಲ್ಲರಿಗೂ ಕ್ಷೇಮ.

ಇಷ್ಟಾದರೂ ಇಲಿ ಬಂದಿತೆನ್ನಿ. ಹಿಕ್ಕೆ, ನಾರು, ವಯರಿನ ಚೂರು ಕಂಡ ಕೂಡಲೆ ಇಂಜಿನನ್ನು ಚಾಲೂ ಮಾಡಬೇಡಿ. ಹೊದಿಕೆ ಹೋದ ತಂತಿಗಳು ಒಂದಕ್ಕೊಂದು ತಾಗಿದರೆ ಕಿಡಿ ಹಾರುತ್ತದೆ. ಪೆಟ್ರೋಲಿನ ಕೊಳವೆಯನ್ನೂ ಕಡಿದಿದ್ದರೆ ಕಾರೇ ಹೊತ್ತಿಕೊಳ್ಳಬಹುದು. ಬ್ರೇಕಿಗೆ ಸಂಬಂಧಿಸಿದ ವಯರು ತುಂಡಾಗಿದ್ದರೆ ಅದು ಶಿರಾಡಿ ಘಾಟಿಯ ತಿರುವಿನಲ್ಲಿ ತಿಳಿಯುವುದಕ್ಕಿಂತ ಮನೆಯ ಅಂಗಳದಲ್ಲೇ ತಿಳಿಯುವುದು ಮೇಲು. ಹಿಕ್ಕೆಯನ್ನು ಬರಿಗೈಯಿಂದ ಮುಟ್ಟಬಾರದು, ಒಣಗಿದ್ದಾಗ ಗುಡಿಸಲೂ ಬಾರದು. ಕೈಗವಸು ತೊಟ್ಟು, ಕ್ರಿಮಿನಾಶಕದಿಂದ ನೆನೆಸಿ ಒರೆಸಬೇಕು. ಮಳೆಗಾಲದಲ್ಲಿ ಈ ಜಿಲ್ಲೆಯನ್ನು ಕಾಡುವ ಇಲಿಜ್ವರದ ರೋಗಾಣುಗಳು ಇಲಿಯ ಮೂತ್ರದಿಂದಲೇ ಹರಡುತ್ತವೆ. ವಿಮೆಯ ಹಣ ದೊರೆಯುವುದೇ ಎಂಬುದು ಪಾಲಿಸಿಯಿಂದ ಪಾಲಿಸಿಗೆ ಬೇರೆ. ಷರತ್ತುಗಳನ್ನು ಮಳೆಗಾಲಕ್ಕೆ ಮುಂಚೆಯೇ ಓದಿಡುವುದು ಜಾಣತನ.

ನಮ್ಮ ಮನೆಯ ಕಾರಿಗೆ ಈಗ ಉಕ್ಕಿನ ಬಲೆ ಬಂದಿದೆ, ಕಸದ ಬಕೆಟ್ಟಿಗೆ ಮುಚ್ಚಳ ಬಂದಿದೆ. ಬೆಳಗ್ಗೆ ಪತ್ರಿಕೆ ತೆರೆಯುವ ಮೊದಲು ಬೋನೆಟ್ ತೆರೆಯುವುದು ನನ್ನ ನಿತ್ಯಕರ್ಮ. ಆ ರಿಕ್ಷಾದವರ ದೂರವಾಣಿ ಸಂಖ್ಯೆಯನ್ನು ತಾಯಿಯ ಮಂಚದ ಬಳಿಯ ಗೋಡೆಯಲ್ಲಿ ದೊಡ್ಡ ಅಂಕಿಗಳಲ್ಲಿ ಬರೆದಿಟ್ಟಿದ್ದೇವೆ. ಇಲಿಯ ಹಲ್ಲಿಗೆ ದಾರಿ ಮುಚ್ಚಿದ್ದೇವೆಂಬ ಧೈರ್ಯವಿದ್ದರೂ, ಮಧ್ಯರಾತ್ರಿಯಲ್ಲಿ ಬಾಗಿಲು ತೆರೆಯುವ ನೆರೆಯವರೊಬ್ಬರು ಇರುವುದು ಎಲ್ಲ ಬಲೆಗಳಿಗಿಂತ ಗಟ್ಟಿಯಾದ ಆಸರೆ.